ಹಿಗ್ಗು

ನನ್ನ ಟೇಪಿಗೆ ನಲವತ್ತೊಂದು ವರ್ಷ.
ಮೇಣಬಟ್ಟೆಯದು, ಹಳದಿ, ಹಿತ್ತಾಳೆಯ ತುದಿ ಸವೆದಿದೆ,
ಅರವತ್ತರ ಆಚೆಯ ಅಂಕಿಗಳು ಕಣ್ಣಿಗಿಂತ ಬೆರಳಿಗೇ ಗೊತ್ತು.
ಎಳೆದೆಳೆದು ಅದು ಹಿಗ್ಗಿದೆ.
ತೊಂಬತ್ತು ಸೆಂಟಿಮೀಟರಿನ ಮೈಯನ್ನು
ಎಂಬತ್ತೆಂಟೂವರೆ ಅನ್ನುತ್ತದೆ,
ಮುಖ ನೋಡಿ ಮಾತಾಡುವ ಮುದುಕಿಯ ಹಾಗೆ.

ಮಿಲಾನಿನಲ್ಲಿ, ಕಾಲುವೆಯ ಹಿಂದಿನ ಬೀದಿ, ಮೂರನೆಯ ಮಹಡಿ.
ಫೆಬ್ರುವರಿ. ಷೋಗೆ ಇನ್ನು ಹನ್ನೊಂದು ದಿನ.
ಹುಡುಗಿಯರು ಕೋಟು ಕಳಚಿ ಮೊಳೆಗೆ ಹಾಕಿ
ತಾವೂ ಒಂದೊಂದು ಮೊಳೆಗೆ ತೂಗಿದಂತೆ ನಿಲ್ಲುತ್ತಾರೆ.
ಎದೆ, ನಡು, ಸೊಂಟ. ನಾನು ಓದುತ್ತೇನೆ,
ಬ್ರೂಸಾಫೆರಿ ಬರೆದುಕೊಳ್ಳುತ್ತಾನೆ.
ಸೊಂಟ ಎಂಬತ್ತೊಂಬತ್ತು ದಾಟಿದರೆ
ಅವನ ಪೆನ್ನು ಒಂದು ಕ್ಷಣ ನಿಲ್ಲುತ್ತದೆ, ಅಷ್ಟೇ.
ಬೈಯುವುದಿಲ್ಲ. ತುಂಬ ಸಭ್ಯ.
ಮುಂದಿನ ಸೀಸನ್ನಿಗೆ ನೋಡೋಣ ಅನ್ನುತ್ತಾನೆ,
ಬಾಗಿಲವರೆಗೂ ಹೋಗಿ ಕೋಟು ಹಿಡಿದುಕೊಡುತ್ತಾನೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಇಲ್ಲಿ ಹಾಸಿಗೆ ಹೊಲಿಯುವವಳು ನಾನು.
ಯಾವ ಕಾಲನ್ನೂ ಕೇಳಿ ಹೊಲಿದದ್ದಲ್ಲ.
ಉಸಿರಿಗೆಂದು ಎರಡು ಬೆರಳು ಸಡಿಲ ಬಿಡು,
ಕೆಲಸ ಕಲಿಸಿದ ಸೋದರತ್ತೆ ಹೇಳಿದ್ದಳು.
ಆ ಎರಡು ಬೆರಳನ್ನು
ಯಾವ ವರ್ಷ ನಮೂನೆಯ ಕಾಗದದಿಂದ ಕತ್ತರಿಸಿದರೋ
ನನಗೆ ನೆನಪಿಲ್ಲ. ಕತ್ತರಿ ಮಾತ್ರ ನನ್ನದೇ.

ಲಿಥುವೇನಿಯಾದವಳು ಉಗ್ನೆ, ಹದಿನೆಂಟು.
ಆ ಹೆಸರಿಗೆ ಅವಳ ಭಾಷೆಯಲ್ಲಿ ಬೆಂಕಿ ಎಂದರ್ಥವಂತೆ.
ಟೇಪು ಸುತ್ತುವಾಗ ಅವಳ ಹೊಟ್ಟೆ ಗುರುಗುಟ್ಟಿದರೆ
ಇಬ್ಬರೂ ಕೆಮ್ಮುತ್ತೇವೆ.
ದಿನಾ ಒಂದೇ ಪ್ರಶ್ನೆ, ಮುರುಕು ಇಟಾಲಿಯನ್ನಿನಲ್ಲಿ:
ಇವತ್ತು ಏನು ಊಟ ಮಾಡಿದೆ?
ಬಾಯಲ್ಲಿ ಕಚ್ಚಿದ ಗುಂಡುಸೂಜಿಗಳನ್ನು ತೆಗೆದು ಹೇಳುತ್ತೇನೆ:
ಕೇಸರಿ ಹಾಕಿದ ರಿಸೊತ್ತೊ, ಮೇಲೆ ಬೆಣ್ಣೆ, ತಳ ಸ್ವಲ್ಪ ಹತ್ತಿತ್ತು.
ತಳ ಕೆರೆದು ತಿಂದೆಯಾ?
ತಿಂದೆ.
ಹೇಗಿತ್ತು?
ಕಣ್ಣು ಮುಚ್ಚಿ ಕೇಳುತ್ತಾಳೆ.
ನಿಜವಾಗಿ ನಾನು ತಿಂದದ್ದು ನಿನ್ನೆಯ ಬ್ರೆಡ್ಡು, ಬೇಯಿಸಿದ ಒಂದು ಮೊಟ್ಟೆ.

ಎಂಬತ್ತೆಂಟೂವರೆ, ಅಂದೆ ಆ ಸೋಮವಾರ.
ಪೆನ್ನು ನಿಲ್ಲಲಿಲ್ಲ.
ರಾತ್ರಿ ಎಲ್ಲರೂ ಹೋದ ಮೇಲೆ
ಅವಳ ಹಸಿರು ರೇಷ್ಮೆ ಗೌನಿನ ಪಕ್ಕ ಬಿಚ್ಚಿ
ಒಳಗೆ ಮಡಚಿದ ಬಟ್ಟೆಯನ್ನು
ಎರಡೂ ಕಡೆ ಸೇರಿ ಒಂದೂವರೆ ಸೆಂಟಿಮೀಟರು ಹೊರಗೆ ಬಿಟ್ಟೆ.
ಹಳೆಯ ಹೊಲಿಗೆಯ ತೂತುಗಳನ್ನು ಉಗುರಿನಿಂದ ತೀಡಿ
ಹಬೆ ಹಿಡಿದು ಮುಚ್ಚಿದೆ.
ಕಳ್ಳತನ ಅನ್ನಿ.
ಷೋ ದಿನ ಅವಳು ನಡೆದು ಬಂದಳು, ಯಾರಿಗೂ ತಿಳಿಯಲಿಲ್ಲ,
ಪರದೆಯ ಹಿಂದೆ ನಿಂತು ನಾನೂ ಹಿಗ್ಗಿದೆ, ನನ್ನ ಟೇಪಿನ ಹಾಗೆ.

ಸೆಪ್ಟೆಂಬರಿನಲ್ಲಿ ಗಾಜಿನ ಗೂಡೊಂದು ಬಂತು.
ಒಳಗೆ ನಿಂತರೆ ಬೆಳಕು ಒಂದು ಸುತ್ತು ಹೊಡೆದು
ಅಂಕಿಗಳನ್ನು ನೇರ ಅವನ ಫೋನಿಗೆ ಕಳಿಸುತ್ತದೆ.
ಉಗ್ನೆ: ತೊಂಬತ್ತು ಪಾಯಿಂಟ್ ನಾಲ್ಕು.
ಬ್ರೂಸಾಫೆರಿ ಕೋಟು ಹಿಡಿದುಕೊಂಡು ನಿಂತ.

ಕೋಟು ತೊಟ್ಟವಳು ಮೆಟ್ಟಿಲಿಗೆ ಹೋಗಲಿಲ್ಲ,
ನನ್ನ ಮೇಜಿಗೆ ಬಂದಳು. ಕೈ ಎತ್ತು, ಅಂದಳು.
ನನ್ನದೇ ಟೇಪು ನನಗೇ ಸುತ್ತಿ
ನೂರ ಹದಿಮೂರು, ಎಂದು ಗಟ್ಟಿಯಾಗಿ ಓದಿದಳು.
ಆಮೇಲೆ ಕಿವಿಯ ಹತ್ತಿರ: ನಿನ್ನ ಟೇಪು ಸುಳ್ಳು ಹೇಳುತ್ತದೆ.

ಗೊತ್ತಿತ್ತಾ ನಿನಗೆ?
ಮೊದಲ ದಿನವೇ.
ಕೋಟಿನ ಜೇಬಿನಿಂದ ತನ್ನದನ್ನು ತೆಗೆದು ತೋರಿಸಿದಳು,
ಉಕ್ಕಿನದು, ಬಡಗಿಗಳದ್ದು, ಅಂಚು ಚರ್ಮ ಕೊಯ್ಯುವಂಥದ್ದು.
ಬೆಳಿಗ್ಗೆ ಒಮ್ಮೆ, ಮಲಗುವಾಗ ಒಮ್ಮೆ.

ಆ ದಿನ ಊಟದ ಮಾತು ಅವಳು ಎತ್ತಲಿಲ್ಲ, ನಾನೂ.
ಕಿಟಕಿಯಿಂದ ಬಗ್ಗಿ ನೋಡಿದೆ.
ಮೂಲೆಯ ಬೇಕರಿಯ ಮುಂದೆ ನಿಂತಿದ್ದಳು,
ಒಂದು ಕೈ ಜೇಬಿನಲ್ಲಿ, ಒಂದು ಕೈ ಬಾಗಿಲ ಹಿಡಿಯ ಮೇಲೆ.
ಟ್ರಾಮು ಅಡ್ಡ ಬಂತು.
ಉದ್ದದ ಟ್ರಾಮು.